ಸೊಂಟದ ಕೀಲು ಬದಲಾವಣೆಯ ನಂತರ ಮತ್ತೆ ಬೈಕ್ ಸವಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟದ ಕೀಲು ಬದಲಾಯಿಸಿಕೊಂಡ ಸವಾರರು ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಮೊದಲು ಸರಳವಾದವು, ಆಮೇಲೆ ಕಠಿಣವಾದವು. ಈ ಉತ್ತರಗಳು ನಿಮ್ಮ ಶಸ್ತ್ರವೈದ್ಯರ ಸಲಹೆಗೆ ಬದಲಿಯಲ್ಲ. ಅವರ ಮುಂದೆ ಕೂತಾಗ ಏನನ್ನು ಕೇಳಬೇಕು ಎಂಬುದು ಇವುಗಳಿಂದ ಸ್ಪಷ್ಟವಾದರೆ ಸಾಕು.

## ಆರಂಭದ ಪ್ರಶ್ನೆಗಳು

ಕೃತಕ ಕೀಲು ಹಾಕಿಸಿಕೊಂಡಿದ್ದೇನೆ. ಮತ್ತೆ ಬೈಕ್ ಓಡಿಸಬಹುದೇ, ಇಲ್ಲ ಮಾರಿಬಿಡಬೇಕೇ?

ಮಾರುವ ಅವಸರ ಬೇಡ. ಮೊದಲು ಸವಾರಿ ಮಾಡುತ್ತಿದ್ದ ಅನೇಕರು ಶಸ್ತ್ರಚಿಕಿತ್ಸೆಯ ನಂತರ ಮರಳಿ ಬೈಕ್ ಹತ್ತಿದ್ದಾರೆ. ಸವೆದ ಕೀಲಿನ ನೋವಿನಿಂದ ಕಾಲೆತ್ತಿ ಸೀಟು ದಾಟಿಸುವುದೇ ಆಗದೆ ಸವಾರಿ ಬಿಟ್ಟಿದ್ದವರಿಗೆ ಹೊಸ ಕೀಲು ಆ ಚಲನೆಯನ್ನು ಹಿಂದಿರುಗಿಸುವುದೂ ಉಂಟು. ಆದರೆ ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೈಕು ಓಡುತ್ತಿರುವಾಗ ಸೊಂಟದ ಕೀಲಿಗೆ ಅಷ್ಟೇನೂ ಶ್ರಮವಿಲ್ಲ. ಅಪಾಯವಿರುವುದು ಹತ್ತುವಾಗ, ಇಳಿಯುವಾಗ, ನಿಲ್ಲಿಸಿ ಕಾಲೂರುವಾಗ, ಬೈಕು ತಳ್ಳುವಾಗ ಮತ್ತು ಬಿದ್ದಾಗ. ಆದ್ದರಿಂದ ಸೀಟಿನ ಮೇಲೆ ಎಷ್ಟು ಹೊತ್ತು ಕೂರಬಲ್ಲೆ ಎಂಬುದರಿಂದಲ್ಲ, ನಿಂತ ಬೈಕನ್ನು ಎಷ್ಟು ಭದ್ರವಾಗಿ ಸಂಭಾಳಿಸಬಲ್ಲೆ ಎಂಬುದರಿಂದ ಸಿದ್ಧತೆಯನ್ನು ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನ ಸೊಂಟದೊಳಗೆ ನಿಜವಾಗಿ ಏನು ಕೂರಿಸಿದ್ದಾರೆ?

ತೊಡೆಮೂಳೆಯ ಸವೆದ ತಲೆಯನ್ನು ಕತ್ತರಿಸಿ ತೆಗೆದು, ಆ ಮೂಳೆಯ ಟೊಳ್ಳಿನೊಳಗೆ ಲೋಹದ ಕಾಂಡವೊಂದನ್ನು ಇಳಿಸಿರುತ್ತಾರೆ. ಅದರ ತುದಿಯಲ್ಲಿ ಸೆರಾಮಿಕ್ ಅಥವಾ ಲೋಹದ ಗುಂಡು ಇರುತ್ತದೆ. ಸೊಂಟದ ಮೂಳೆಯ ಕುಳಿಯಲ್ಲಿ ಬಟ್ಟಲಿನಾಕಾರದ ಭಾಗವನ್ನು ಕೂರಿಸಿ, ಅದರೊಳಗೆ ಸಾಮಾನ್ಯವಾಗಿ ಪಾಲಿಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಪದರವನ್ನು ಇಟ್ಟಿರುತ್ತಾರೆ. ಗುಂಡು ಈ ಪದರದೊಳಗೆ ಹೊರಳುತ್ತದೆ.

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲಿ 1960ರ ದಶಕದ ಆರಂಭದಲ್ಲಿ ರೂಪಿಸಿದ ಕೀಲಿನಲ್ಲಿ ಗುಂಡಿನ ವ್ಯಾಸ ಸುಮಾರು 22 ಮಿಲಿಮೀಟರ್ ಇತ್ತು. ಈಗ 32 ಅಥವಾ 36 ಮಿಲಿಮೀಟರಿನ ಗುಂಡುಗಳು ಸಾಮಾನ್ಯ. ಗುಂಡು ದೊಡ್ಡದಾದಷ್ಟೂ ಅದು ಬಟ್ಟಲಿನ ಅಂಚು ದಾಟಿ ಹೊರಬರಲು ಹೆಚ್ಚು ದೂರ ಸರಿಯಬೇಕಾಗುತ್ತದೆ, ಹಾಗಾಗಿ ಕೀಲು ತಪ್ಪುವ ಸಾಧ್ಯತೆ ಕಡಿಮೆ. ನಿಮ್ಮ ಗುಂಡಿನ ಅಳತೆ, ಕಾಂಡವನ್ನು ಮೂಳೆಗೆ ಹಿಡಿಸುವ ವೈದ್ಯಕೀಯ ಸಿಮೆಂಟ್ ಬಳಸಿ ಕೂರಿಸಿದ್ದಾರೆಯೇ ಇಲ್ಲವೇ, ಯಾವ ದಿಕ್ಕಿನಿಂದ ಕೊಯ್ದು ಒಳಹೊಕ್ಕಿದ್ದಾರೆ ಎಂಬ ಮೂರು ಸಂಗತಿಗಳನ್ನು ಆಸ್ಪತ್ರೆಯ ದಾಖಲೆಯಿಂದ ಬರೆದಿಟ್ಟುಕೊಳ್ಳಿ. ಮುಂದಿನ ಬಹುತೇಕ ಉತ್ತರಗಳು ಇವುಗಳನ್ನೇ ಅವಲಂಬಿಸಿವೆ.

ಎಷ್ಟು ದಿನ ಕಾಯಬೇಕು? ಒಬ್ಬರು ಆರು ವಾರ ಅಂತಾರೆ, ಇನ್ನೊಬ್ಬರು ಆರು ತಿಂಗಳು ಅಂತಾರೆ.

ಇಬ್ಬರೂ ಬೇರೆ ಬೇರೆ ವಿಷಯಗಳನ್ನು ಅಳೆಯುತ್ತಿರುತ್ತಾರೆ. ಆರು ವಾರ ಎಂಬುದು ಬಹುಮಟ್ಟಿಗೆ ಕಾರಿನ ಲೆಕ್ಕ. ಬಲಗಡೆಯ ಶಸ್ತ್ರಚಿಕಿತ್ಸೆಯಾದವರು ಬ್ರೇಕ್ ಒತ್ತುವ ವೇಗ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿರುವುದರಿಂದ ಆ ಸಲಹೆ ಹುಟ್ಟಿದೆ. ನಿಂತ ಕಾರು ತಾನಾಗಿ ಬೀಳುವುದಿಲ್ಲ, ನಿಂತ ಬೈಕನ್ನು ಬೀಳದಂತೆ ನಿಮ್ಮ ಕಾಲುಗಳೇ ಹಿಡಿಯಬೇಕು. ಆದ್ದರಿಂದ ಆ ಲೆಕ್ಕ ಇಲ್ಲಿ ಸಾಲದು.

ದೇಹದೊಳಗಿನ ಗಡಿಯಾರ ಬೇರೆಯೇ ಇದೆ. ಕೀಲಿನ ಸುತ್ತಲಿನ ಚೀಲದಂಥ ಪೊರೆ ಮತ್ತು ಕೊಯ್ದು ಹೊಲಿದ ಸ್ನಾಯುಗಳು ಬಲಗೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಸಿಮೆಂಟ್ ಇಲ್ಲದೆ ಕೂರಿಸಿದ ಕಾಂಡದ ಒರಟು ಮೇಲ್ಮೈಯೊಳಕ್ಕೆ ಮೂಳೆ ಬೆಳೆದು ಹಿಡಿತ ಸಾಧಿಸುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ, ಆ ಹಿಡಿತ ಗಟ್ಟಿಯಾಗುವುದು ಆಮೇಲೂ ಮುಂದುವರಿಯುತ್ತದೆ. ಕೀಲು ತಪ್ಪುವ ಘಟನೆಗಳು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಆಗುತ್ತವೆ. ಈ ಎಲ್ಲವನ್ನೂ ಒಟ್ಟಿಗೆ ನೋಡಿದರೆ ಮೂರು ತಿಂಗಳನ್ನು ಕನಿಷ್ಠ ಗಡುವಾಗಿ ಇಟ್ಟುಕೊಳ್ಳುವುದು ವಿವೇಕ. ಭಾರವಾದ ಬೈಕು, ದುರ್ಬಲ ಮೂಳೆ ಅಥವಾ ತೊಡಕಿನ ಶಸ್ತ್ರಚಿಕಿತ್ಸೆಯಾಗಿದ್ದರೆ ಆರು ತಿಂಗಳು ಎಂದವರ ಮಾತೇ ಸರಿಯಿರಬಹುದು.

ನಡೆಯುವಾಗ ಸ್ವಲ್ಪವೂ ನೋವಿಲ್ಲ. ಇನ್ನೇನು ಬೇಕು?

ನೋವು ಹೋಗುವುದು ಮೊದಲು, ಬಲ ಬರುವುದು ಆಮೇಲೆ. ಈ ನಡುವಿನ ಅವಧಿಯೇ ಸವಾರರಿಗೆ ಹೆಚ್ಚು ಮೋಸ ಮಾಡುವ ಕಾಲ. ಸಂಧಿವಾತದ ನೋವು ಶಸ್ತ್ರಚಿಕಿತ್ಸೆಯಿಂದ ಬೇಗನೆ ಮರೆಯಾಗುತ್ತದೆ, ಆದರೆ ವರ್ಷಗಟ್ಟಲೆ ಕುಂಟುತ್ತಾ ಸೊರಗಿದ ಪೃಷ್ಠದ ಸ್ನಾಯುಗಳು ಅಷ್ಟು ಬೇಗ ತುಂಬಿಕೊಳ್ಳುವುದಿಲ್ಲ.

ಮನೆಯಲ್ಲೇ ಕೆಲವು ಪರೀಕ್ಷೆಗಳನ್ನು ಮಾಡಿಕೊಳ್ಳಿ. ಕೋಲಿಲ್ಲದೆ, ಕುಂಟದೆ ನಡೆಯಬಲ್ಲಿರಾ? ಕನ್ನಡಿಯ ಮುಂದೆ, ಕೈಗೆ ಆಸರೆ ಸಿಗುವಲ್ಲಿ, ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ ಒಂಟಿಯಾಗಿ ಅರ್ಧ ನಿಮಿಷ ನಿಂತು ನೋಡಿ. ಸೊಂಟದ ಇನ್ನೊಂದು ಬದಿ ಕೆಳಗೆ ಜಗ್ಗಿದರೆ ಅಥವಾ ಮುಂಡ ಪಕ್ಕಕ್ಕೆ ವಾಲಿದರೆ ಸೊಂಟವನ್ನು ಪಕ್ಕದಿಂದ ಹಿಡಿದು ನಿಲ್ಲಿಸುವ ಸ್ನಾಯು ಇನ್ನೂ ಬಲಹೀನವಾಗಿದೆ ಎಂದರ್ಥ. ಕಂಬಿ ಹಿಡಿಯದೆ ಮೆಟ್ಟಿಲಿಳಿಯುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಎಡವಿದಾಗ ಎರಡೂ ಕಡೆಗೆ ಚಟ್ಟನೆ ಹೆಜ್ಜೆ ಹಾಕಿ ಸಾವರಿಸಿಕೊಳ್ಳುವುದು ಇವೂ ಆಗಬೇಕು. ಬೈಕಿಗೆ ಬೇಕಾದದ್ದು ಕೊನೆಯದು.

ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಓಡಿಸಬಹುದೇ?

ಓಪಿಯಾಯ್ಡ್ ವರ್ಗದ, ಅಂದರೆ ಅಫೀಮಿನಂತೆ ಕೆಲಸ ಮಾಡುವ ಪ್ರಬಲ ನೋವಿನ ಮಾತ್ರೆಗಳನ್ನು ನುಂಗುತ್ತಿರುವಾಗ ಖಂಡಿತ ಬೇಡ. ಅವು ಮಂಪರು ತರುತ್ತವೆ, ಪ್ರತಿಕ್ರಿಯೆಯನ್ನು ನಿಧಾನಗೊಳಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಸಾಮಾನ್ಯವಾಗಿ ಸುಮಾರು ಐದು ವಾರ ಕೊಡುತ್ತಾರೆ. ಆ ಔಷಧಿ ಬುದ್ಧಿಯನ್ನು ಮಂಕಾಗಿಸದಿದ್ದರೂ ಸಣ್ಣದಾಗಿ ಬಿದ್ದರೂ ಒಳಗೆ ಹೆಚ್ಚು ರಕ್ತಸ್ರಾವವಾಗುವಂತೆ ಮಾಡುತ್ತದೆ. ಬೇರೆ ಕಾಯಿಲೆಗಾಗಿ ಇಂಥ ಔಷಧಿಯನ್ನು ಕಾಯಂ ತೆಗೆದುಕೊಳ್ಳುವವರು ಸವಾರಿಯ ವಿಷಯವನ್ನು ಅದನ್ನು ಬರೆದುಕೊಟ್ಟ ವೈದ್ಯರಿಗೂ ತಿಳಿಸಬೇಕು.

## ಹತ್ತುವುದು, ಇಳಿಯುವುದು, ನಿಲ್ಲುವುದು

"90 ಡಿಗ್ರಿಗಿಂತ ಹೆಚ್ಚು ಮಡಚಬೇಡಿ" ಅಂದಿದ್ದಾರೆ. ಬೈಕಿನ ಮೇಲೆ ಇದರ ಅರ್ಥವೇನು?

ಹಿಂಬದಿಯಿಂದ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿದಾಗ ಕೊಡುವ ಎಚ್ಚರಿಕೆ ಇದು. ಅಂಥ ಕೀಲು ತಪ್ಪುವುದು ಮೂರು ಚಲನೆಗಳು ಕೂಡಿದಾಗ: ತೊಡೆ ಹೊಟ್ಟೆಯತ್ತ ಅತಿಯಾಗಿ ಮಡಚುವುದು, ಕಾಲು ದೇಹದ ನಡುಗೆರೆಯನ್ನು ದಾಟಿ ಇನ್ನೊಂದು ಬದಿಗೆ ಹೋಗುವುದು, ಪಾದ ಒಳಕ್ಕೆ ತಿರುಗುವುದು. ಬಹಳ ಜನ ಮರೆಯುವ ವಿಷಯವೆಂದರೆ, ಮಂಡಿ ಮೇಲೆತ್ತಿದರೂ ಅಷ್ಟೇ, ಮುಂಡ ಮುಂದಕ್ಕೆ ಬಾಗಿದರೂ ಅಷ್ಟೇ; ಕೀಲಿನ ಮಟ್ಟಿಗೆ ಎರಡೂ ಮಡಚುವಿಕೆಯೇ. ಹಿಂದಕ್ಕೂ ಎತ್ತರಕ್ಕೂ ಇರುವ ಫುಟ್‌ರೆಸ್ಟ್, ಕೆಳಗಿರುವ ಹ್ಯಾಂಡಲ್ ಇರುವ ಸ್ಪೋರ್ಟ್ಸ್ ಬೈಕಿನಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ನೆಟ್ಟಗೆ ಕೂತು, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರುವಂತೆ ಕಾಲಿಟ್ಟರೆ ಗಡಿಯೊಳಗೇ ಇರುತ್ತೀರಿ. ಟ್ಯಾಂಕು ಎರಡು ತೊಡೆಗಳನ್ನು ಬೇರ್ಪಡಿಸಿ ಇಡುವುದೂ ಇಲ್ಲಿ ಅನುಕೂಲವೇ.

ಮುಂಭಾಗದಿಂದ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಎಚ್ಚರ ಬೇರೆ ದಿಕ್ಕಿನದು. ಅಲ್ಲಿ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದು ಅಪಾಯ. ಸೀಟಿನ ಹಿಂಭಾಗದ ಮೇಲಿಂದ ಕಾಲು ಬೀಸುವಾಗ ಹೆಚ್ಚುಕಡಿಮೆ ಇದೇ ಚಲನೆ ನಡೆಯುತ್ತದೆ. ಪಕ್ಕದಿಂದ ಶಸ್ತ್ರಚಿಕಿತ್ಸೆಯಾದವರಲ್ಲಿ ಕೀಲು ತಪ್ಪುವುದಕ್ಕಿಂತ ಪಕ್ಕದ ಸ್ನಾಯುವಿನ ದೌರ್ಬಲ್ಯ ಹೆಚ್ಚು ಕಾಡುತ್ತದೆ.

ಬೈಕ್ ಹತ್ತುವಾಗಲೇ ಭಯವಾಗುತ್ತದೆ. ಸರಿಯಾದ ಕ್ರಮ ಯಾವುದು?

ಭಯಕ್ಕೆ ಕಾರಣವಿದೆ, ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸಿ ನೋಡೋಣ. ಬೈಕನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ, ಮುಂದಕ್ಕೆ ಉರುಳದಂತೆ ಮೊದಲ ಗೇರಿನಲ್ಲಿಡಿ. ಹಿಂದಿನ ಸೀಟಿನ ಮೇಲೆ ಬ್ಯಾಗು, ಪೆಟ್ಟಿಗೆ ಏನಿದ್ದರೂ ತೆಗೆಯಿರಿ. ಕಾಲು ದಾಟಿಸಬೇಕಾದ ಎತ್ತರವನ್ನು ಅರ್ಧ ಅಡಿ ಹೆಚ್ಚಿಸುವುದು ಅವೇ. ಎಡಬದಿಯಲ್ಲಿ ನಿಂತು ಮುಂದಿನ ಬ್ರೇಕ್ ಹಿಡಿಯಿರಿ. ಬೈಕಿಗೆ ಎದುರಾಗಿ ನಿಂತು ಮಂಡಿಯನ್ನು ಎದೆಗೆ ಎಳೆದು ಸೀಟಿನ ಮೇಲಿಂದ ತೂರಿಸುವ ಅಭ್ಯಾಸ ಹಲವರಿಗಿರುತ್ತದೆ, ಅದನ್ನು ಬಿಡಬೇಕು. ಮಡಚುವುದು, ನಡುಗೆರೆ ದಾಟುವುದು, ಒಳಕ್ಕೆ ತಿರುಗುವುದು ಈ ಮೂರೂ ಅದರಲ್ಲಿ ಸೇರಿವೆ. ಬದಲಿಗೆ ಬೈಕು ನೋಡುವ ದಿಕ್ಕಿಗೇ ನೋಡುತ್ತಾ ನಿಂತು, ಮುಂಡವನ್ನು ಟ್ಯಾಂಕಿನತ್ತ ಸ್ವಲ್ಪವೇ ಬಾಗಿಸಿ, ಬಲಗಾಲನ್ನು ಆದಷ್ಟು ನೇರವಾಗಿಟ್ಟುಕೊಂಡು ಸೀಟಿನ ಮೇಲೆ ತಗ್ಗಾಗಿ ಸವರಿಕೊಂಡು ದಾಟಿಸಿ. ಮುಂಭಾಗದ ಶಸ್ತ್ರಚಿಕಿತ್ಸೆ ಬಲಗಡೆಗೆ ಆಗಿದ್ದರೆ ಕಾಲನ್ನು ದೂರ ಹಿಂದಕ್ಕೆ ಬೀಸದೆ, ಪಾದವನ್ನು ಹೊರಕ್ಕೆ ತಿರುಗಿಸದೆ ಇದನ್ನು ಮಾಡಬೇಕಾದ್ದರಿಂದ, ತಗ್ಗಾದ ಸೀಟಿಲ್ಲದಿದ್ದರೆ ಮೊದಲ ತಿಂಗಳುಗಳಲ್ಲಿ ಪ್ರಯತ್ನಿಸಲೇಬಾರದು.

ಶಸ್ತ್ರಚಿಕಿತ್ಸೆ ಎಡಗಡೆಗೆ ಆಗಿದ್ದರೆ ಕಷ್ಟ ಬೇರೆ. ಬಲಗಾಲು ಗಾಳಿಯಲ್ಲಿರುವಷ್ಟು ಹೊತ್ತೂ ಇಡೀ ದೇಹದ ಭಾರ ಹೊಸ ಕೀಲಿನ ಮೇಲೆ ಒಂಟಿಯಾಗಿ ಬೀಳುತ್ತದೆ, ಜೊತೆಗೆ ಊರಿದ ಪಾದದ ಮೇಲೆ ದೇಹ ತಿರುಚಿಕೊಳ್ಳುತ್ತದೆ. ಪಾದ ನೆಟ್ಟಿಟ್ಟು ಸೊಂಟವನ್ನು ತಿರುವಬೇಡಿ. ಪಾದವನ್ನೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ತಿರುಗಿಸಿ. ಇಳಿಯುವಾಗಲೂ ಇದೇ ನಿಯಮ. ದಣಿದು ಇಳಿಯುವಾಗ ತಪ್ಪುವುದು ಹೆಚ್ಚಾದ್ದರಿಂದ ಎಂಜಿನ್ ನಿಲ್ಲಿಸಿದ ಮೇಲೆ ಒಂದೆರಡು ನಿಮಿಷ ಕೂತೇ ಕಾಲು ಸಡಿಲಿಸಿಕೊಳ್ಳುವುದು ಒಳ್ಳೆಯದು.

ಕೆಲವರು ಬಲಬದಿಯಿಂದ ಹತ್ತಬಹುದೇ ಎಂದು ಕೇಳುತ್ತಾರೆ. ಸೈಡ್ ಸ್ಟ್ಯಾಂಡಿನ ಮೇಲೆ ಬೈಕು ಎಡಕ್ಕೆ ವಾಲುವುದರಿಂದ ಬಲಬದಿಯಲ್ಲಿ ಸೀಟು ಇನ್ನೂ ಎತ್ತರವಾಗುತ್ತದೆ. ಡಬಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅಲುಗಾಡದ ತಗ್ಗಾದ ಮಣೆಯೊಂದರ ಮೇಲೆ ನಿಂತರೆ ಸಾಧ್ಯ, ಆದರೆ ಆ ಮಣೆ ನೀವು ಹೋದಲ್ಲೆಲ್ಲ ಇರುವುದಿಲ್ಲ.

ಬಲ ಕೀಲೋ ಎಡ ಕೀಲೋ ಎಂಬುದರಿಂದ ಓಡಿಸುವಾಗ ವ್ಯತ್ಯಾಸವಿದೆಯೇ?

ಇಂದಿನ ಬೈಕುಗಳಲ್ಲಿ ಬಲಪಾದಕ್ಕೆ ಹಿಂದಿನ ಬ್ರೇಕು, ಎಡಪಾದಕ್ಕೆ ಗೇರು. ವೇಗದಲ್ಲಿ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಕೈಯಲ್ಲಿರುವ ಮುಂದಿನ ಬ್ರೇಕಿನದು, ಆದರೆ ನಿಧಾನವಾಗಿ ತಿರುಗುವಾಗ ಬಲಪಾದದ ಹದವೇ ಮುಖ್ಯ. ಎಡಗಡೆಯವರಿಗೆ ಗೇರು ಏರಿಸಲು ಪಾದವನ್ನು ಮತ್ತೆ ಮತ್ತೆ ಎತ್ತಬೇಕಾಗುತ್ತದೆ. ತೊಡೆಸಂದಿನ ಸ್ನಾಯುವಿನ್ನೂ ನೋಯುತ್ತಿದ್ದರೆ ಇದು ಬೇಗ ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳುವುದು ಅಪರೂಪ, ಆದರೆ ಆಗಿದ್ದರೆ ಪಾದ ಮೇಲೆತ್ತಲು ಬರುವವರೆಗೆ ಗೇರಿನ ಬೈಕು ಓಡಿಸುವ ಮಾತೇ ಇಲ್ಲ.

ಟ್ರಾಫಿಕ್‌ನಲ್ಲಿ ನಿಂತಾಗ ಕಾಲೂರುವುದು ಅಷ್ಟು ದೊಡ್ಡ ವಿಷಯವೇ?

ಹೌದು, ಇಡೀ ಸವಾರಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಕ್ಷಣ ಅದೇ ಎಂದು ನಾನು ಭಾವಿಸುತ್ತೇನೆ. ಯೋಚಿಸಿ: ಇಳಿಜಾರಿನಲ್ಲಿ ತಿರುಗುತ್ತಿದ್ದೀರಿ, ವೇಗ ನಡಿಗೆಯಷ್ಟು, ಬೈಕು ಒಳಬದಿಗೆ ವಾಲಿದೆ, ಎದುರಿಗೆ ಯಾರೋ ಬಂದರೆಂದು ಬ್ರೇಕ್ ಹಿಡಿಯುತ್ತೀರಿ. ಬೈಕು ಒಮ್ಮೆಲೇ ಬೀಳತೊಡಗುತ್ತದೆ, ಕಾಲು ತಾನಾಗಿಯೇ ಹೊರಕ್ಕೆ ಚಿಮ್ಮಿ ಸಡಿಲ ಜಲ್ಲಿಯ ಮೇಲೆ ಊರುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡಿದೆ, ಬೈಕಿನ ಭಾರ ದೇಹವನ್ನು ಅದರ ಸುತ್ತ ತಿರುಗಿಸುತ್ತಿದೆ. ಆ ತಿರುಚು ಬಲವನ್ನು ತಾಳಬೇಕಾದದ್ದು ಹೊಸ ಕೀಲು ಮತ್ತು ಅದರ ಕಾಂಡವನ್ನು ಹಿಡಿದಿರುವ ತೊಡೆಮೂಳೆ.

ಇದನ್ನು ತಪ್ಪಿಸುವ ಉಪಾಯಗಳು ಸರಳ. ಎರಡೂ ಪಾದಗಳು ಪೂರ್ತಿ ನೆಲಕ್ಕೆ ತಾಗುವ ಸೀಟು ಇರಲಿ. ನಿಲ್ಲಿಸುವ ಮೊದಲು ಹ್ಯಾಂಡಲ್ ನೇರ ಮಾಡಿ, ಬೈಕು ನೆಟ್ಟಗಿದ್ದಾಗಲೇ ನಿಲ್ಲಿಸಿ. ಶಸ್ತ್ರಚಿಕಿತ್ಸೆಯಾಗದ ಕಾಲನ್ನು ಮೊದಲು ಊರುವ ಅಭ್ಯಾಸ ಮಾಡಿಕೊಳ್ಳಿ. ಬೈಕು ಒಂದು ಮಿತಿಗಿಂತ ಹೆಚ್ಚು ವಾಲಿತೆಂದರೆ ಅದನ್ನು ಬೀಳಲು ಬಿಡಿ. ಬಾಗಿದ ಹ್ಯಾಂಡಲನ್ನೋ ಒಡೆದ ಕನ್ನಡಿಯನ್ನೋ ಸರಿಪಡಿಸುವುದು ತೊಡೆಮೂಳೆಯನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಸುಲಭ.

ಕಿಕ್ ಹೊಡೆಯುವುದು, ಡಬಲ್ ಸ್ಟ್ಯಾಂಡ್ ಹಾಕುವುದು, ಬಿದ್ದ ಬೈಕ್ ಎತ್ತುವುದು?

ಕಿಕ್ ಬೇಡ, ಬಟನ್ ಸ್ಟಾರ್ಟ್ ಇರುವ ಬೈಕನ್ನೇ ಬಳಸಿ. ಕಿಕ್ ತಿರುಗಿ ಹೊಡೆದರೆ ಆ ಏಟು ನೇರವಾಗಿ ಬಲ ಕೀಲಿಗೆ ಬೀಳುತ್ತದೆ. ಡಬಲ್ ಸ್ಟ್ಯಾಂಡ್ ಹಾಕುವುದನ್ನು ಕಾಲಿಗೆ ಬಲ ಬಂದ ಮೇಲೆ, ಮೊದಲು ಪಕ್ಕದಲ್ಲಿ ಒಬ್ಬರನ್ನಿಟ್ಟುಕೊಂಡು ಪ್ರಯತ್ನಿಸಿ. ಬಿದ್ದ ಬೈಕನ್ನು ಒಬ್ಬರೇ ಎತ್ತಬೇಡಿ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಿಸಿ ಕಾಲಿನ ಬಲದಿಂದ ಮೇಲೆ ತಳ್ಳುವ ವಿಧಾನವನ್ನು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ, ಆದರೆ ಆ ಕುಕ್ಕರಿಕೆಯೇ ನಿಮಗೆ ನಿಷಿದ್ಧವಾಗಿರುವ ಆಳದ ಮಡಚುವಿಕೆ. ಇಳಿಜಾರಿಗೆ ಮುಖಮಾಡಿ ನಿಲ್ಲಿಸಿದ ಬೈಕನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದೂ ಕೀಲಿಗೆ ಶ್ರಮವೇ. ಹೊರಡುವಾಗ ಮುಂದಕ್ಕೇ ಹೋಗುವಂತೆ ಮೊದಲೇ ತಿರುಗಿಸಿ ನಿಲ್ಲಿಸಿ.

## ಯಾವ ಬೈಕು, ಯಾವ ಸೀಟು

ಬೈಕ್ ಬದಲಾಯಿಸಬೇಕೇ? ಯಾವ ಬಗೆಯದು ಒಳ್ಳೆಯದು?

ಮೂರು ವಿಷಯಗಳನ್ನು ನೋಡಿ: ಸೀಟಿನ ಎತ್ತರ, ತೂಕ, ಕೂರುವ ಭಂಗಿ. ಕ್ರೂಸರ್‌ಗಳ ಸೀಟು ಸಾಮಾನ್ಯವಾಗಿ 700 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ, ಸಾಧಾರಣ ಬೈಕುಗಳದು 800ರ ಹತ್ತಿರ, ಅಡ್ವೆಂಚರ್ ಬೈಕುಗಳದು ಹಲವು ಬಾರಿ 850 ದಾಟುತ್ತದೆ. ಹತ್ತುವುದಕ್ಕೂ ಕಾಲೂರುವುದಕ್ಕೂ ಕ್ರೂಸರ್ ಅನುಕೂಲವೆನಿಸಿದರೂ ಅದರಲ್ಲೊಂದು ಕೊರತೆಯಿದೆ. ಪಾದಗಳು ಮುಂದಕ್ಕೆ ಚಾಚಿರುವುದರಿಂದ ಗುಂಡಿ ಬಂದಾಗ ಕಾಲಿನ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಲು ಆಗುವುದಿಲ್ಲ, ಇಡೀ ಕುಲುಕು ಬೆನ್ನುಮೂಳೆಗೂ ಸೊಂಟಕ್ಕೂ ಬರುತ್ತದೆ. ಅನೇಕ ಕ್ರೂಸರ್‌ಗಳು ಭಾರವೂ ಹೌದು. ನನ್ನ ಆಯ್ಕೆ ನೆಟ್ಟಗೆ ಕೂರುವ, ಹಗುರವಾದ, ಫುಟ್‌ರೆಸ್ಟ್ ದೇಹದ ನೇರ ಕೆಳಗಿರುವ ಸಾಧಾರಣ ಬೈಕು.

ಇರುವ ಬೈಕನ್ನೇ ಹೊಂದಿಸಿಕೊಳ್ಳುವುದೂ ಸಾಧ್ಯ. ಹ್ಯಾಂಡಲನ್ನು ತುಸು ಎತ್ತರಿಸಿ ಹಿಂದಕ್ಕೆ ತರುವುದು, ಫುಟ್‌ರೆಸ್ಟನ್ನು ತಗ್ಗಿಸುವುದು, ಸೀಟಿನ ಬದಿಗಳನ್ನು ಕಿರಿದಾಗಿಸುವುದು ಇವು ಸಣ್ಣ ಬದಲಾವಣೆಗಳು, ಆದರೆ ಪರಿಣಾಮ ದೊಡ್ಡದು. ಸೀಟಿನ ಸ್ಪಂಜನ್ನೇ ಕೊಯ್ದು ತಗ್ಗಿಸಿದರೆ ಸೀಟಿನಿಂದ ಫುಟ್‌ರೆಸ್ಟ್‌ಗೆ ಇರುವ ಅಂತರ ಕಡಿಮೆಯಾಗಿ ಮಂಡಿ ಮೇಲೇಳುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಸ್ಕೂಟರ್‌ನಿಂದ ಶುರು ಮಾಡಿದರೆ?

ಉತ್ತಮ ಆಲೋಚನೆ. ನಡುವೆ ತೆರೆದ ಜಾಗವಿರುವುದರಿಂದ ಕಾಲು ಬೀಸುವ ಪ್ರಶ್ನೆಯೇ ಇಲ್ಲ, ಗೇರೂ ಇಲ್ಲ. ಆದರೆ ಎತ್ತರದವರಿಗೆ ಪಾದದ ಜಾಗ ಇಕ್ಕಟ್ಟಾಗಿ ಮಂಡಿ ಸೊಂಟಕ್ಕಿಂತ ಮೇಲೆ ಬರಬಹುದು, ಕೂತು ನೋಡಿಯೇ ಆರಿಸಿ.

ಓಡಿಸುವುದು ಬೇಡ, ಹಿಂದೆ ಕೂತು ಹೋಗಬಹುದಲ್ಲವೇ?

ಅದು ಸುಲಭವೆಂದು ತೋರಿದರೂ ಹಲವು ಬೈಕುಗಳಲ್ಲಿ ಹಿಂದಿನ ಸೀಟೇ ಹೆಚ್ಚು ಕಷ್ಟ. ಸೀಟು ಎತ್ತರ, ಫುಟ್‌ರೆಸ್ಟ್ ಇನ್ನೂ ಎತ್ತರ, ಹಾಗಾಗಿ ಮಡಚುವಿಕೆ ಹೆಚ್ಚು. ಬ್ರೇಕ್ ಯಾವಾಗ ಬೀಳುತ್ತದೆ, ಗುಂಡಿ ಎಲ್ಲಿದೆ ಎಂಬುದು ಮೊದಲೇ ತಿಳಿಯದೆ ದೇಹ ಸಿದ್ಧವಾಗಿರುವುದಿಲ್ಲ. ಓಡಿಸಲು ಕಾಯುವಷ್ಟೇ ಕಾಲ ಇದಕ್ಕೂ ಕಾಯಿರಿ.

## ಅಭ್ಯಾಸ ಮತ್ತು ಮೊದಲ ಸವಾರಿಗಳು

ಯಾವ ವ್ಯಾಯಾಮ ಮಾಡಿದರೆ ಬೇಗ ಸಿದ್ಧವಾಗಬಹುದು?

ಬೈಕಿಗೆ ಬೇಕಾದ ಸ್ನಾಯು ಮುಖ್ಯವಾಗಿ ಸೊಂಟದ ಪಕ್ಕದ್ದು. ಶಸ್ತ್ರವೈದ್ಯರು ಅನುಮತಿಸಿದ ಮೇಲೆ ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ತಗ್ಗಾದ ಮೆಟ್ಟಿಲನ್ನು ನಿಧಾನವಾಗಿ ಹತ್ತಿ ಇಳಿಯುವುದು, ಎತ್ತರದ ಕುರ್ಚಿಯಿಂದ ಎದ್ದು ಕೂರುವುದು ಇವುಗಳಿಂದ ತಳಪಾಯ ಸಿದ್ಧವಾಗುತ್ತದೆ. ನಿಂತಲ್ಲೇ ಇರುವ ವ್ಯಾಯಾಮದ ಸೈಕಲನ್ನು ಸೀಟು ಎತ್ತರಿಸಿ ತುಳಿಯುವುದೂ ಒಳ್ಳೆಯದು. ಫಿಸಿಯೋಥೆರಪಿಸ್ಟ್ ಬಳಿ ಹೋದಾಗ "ನಡೆಯಲು ಬೇಕಾದ ವ್ಯಾಯಾಮ ಹೇಳಿಕೊಡಿ" ಎನ್ನಬೇಡಿ, ನಿಮ್ಮ ಬೈಕಿನ ತೂಕ ಮತ್ತು ಸೀಟಿನ ಎತ್ತರ ಹೇಳಿ, ಹತ್ತುವ ಚಲನೆಯನ್ನು ಅಭಿನಯಿಸಿ ತೋರಿಸಿ. ಆಗ ಅವರು ಕೊಡುವ ಅಭ್ಯಾಸವೇ ಬೇರೆಯಾಗಿರುತ್ತದೆ.

ಮೊದಲ ದಿನ ಹೇಗೆ ಹೊರಡಬೇಕು?

ಮೊದಲ ದಿನ ಹೊರಡಲೇಬೇಡಿ. ಎಂಜಿನ್ ಸ್ಟಾರ್ಟ್ ಮಾಡದೆ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಹತ್ತಿ ಇಳಿಯಿರಿ, ಸ್ಟ್ಯಾಂಡ್ ತೆಗೆದು ಬೈಕಿನ ಭಾರವನ್ನು ಎರಡೂ ಕಾಲುಗಳ ನಡುವೆ ತುಸು ಎಡಕ್ಕೆ, ತುಸು ಬಲಕ್ಕೆ ತೂಗಿ ನೋಡಿ. ಮರುದಿನ ನೋವು ಅಥವಾ ಊತ ಬಂದರೆ ಇನ್ನಷ್ಟು ದಿನ ಬೇಕೆಂದು ತಿಳಿಯಿರಿ. ಬರದಿದ್ದರೆ ವಾಹನಗಳಿಲ್ಲದ ಬಯಲಿನಲ್ಲಿ ಹೊರಟು ನಿಲ್ಲುವ ಅಭ್ಯಾಸ, ನಿಧಾನದ ತಿರುವುಗಳು, ಕೊನೆಗೆ ತುರ್ತು ಬ್ರೇಕ್. ಇವೆಲ್ಲ ಯೋಚಿಸದೆಯೇ ಆಗುವಷ್ಟು ರೂಢಿಯಾದ ಮೇಲೆ ರಸ್ತೆ.

ಉಡುಪಿನ ಬಗ್ಗೆ ಒಂದು ಮಾತು: ಬಿಗಿಯಾದ ಬೂಟು ಮತ್ತು ಸವಾರಿಯ ಪ್ಯಾಂಟು ಹಾಕಿಕೊಳ್ಳುವಾಗ ಬಗ್ಗುವುದೇ ಕೆಲವರಿಗೆ ಸವಾರಿಗಿಂತ ಅಪಾಯ. ಎತ್ತರದ ಕುರ್ಚಿಯಲ್ಲಿ ಕೂತು, ಶಸ್ತ್ರಚಿಕಿತ್ಸೆಯಾದ ಕಾಲನ್ನು ಮೊದಲು ತೂರಿಸಿ, ಉದ್ದ ಹಿಡಿಯ ಶೂ ಹಾರ್ನ್ ಬಳಸಿ. ಪಕ್ಕದಲ್ಲಿ ಜಿಪ್ ಇರುವ ಬೂಟು ಮತ್ತು ಸೊಂಟದ ಪಕ್ಕದಲ್ಲಿ ರಕ್ಷಣಾ ಪ್ಯಾಡ್ ಇರುವ ಪ್ಯಾಂಟು ಕೊಳ್ಳುವುದು ಸಾರ್ಥಕ ಖರ್ಚು.

ದೂರದ ಪ್ರಯಾಣ ಯಾವಾಗ?

ಕಾಲುಗಳ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಮೂರು ತಿಂಗಳವರೆಗೆ ಹೆಚ್ಚಿರುತ್ತದೆ. ಆಮೇಲೂ ಆರಂಭದ ಪ್ರಯಾಣಗಳಲ್ಲಿ ಗಂಟೆಗೊಮ್ಮೆ ಇಳಿದು ನಡೆಯಿರಿ, ಸಾಕಷ್ಟು ನೀರು ಕುಡಿಯಿರಿ. ಮೀನಖಂಡ ಊದಿಕೊಂಡು ನೋಯುವುದು, ಏಕಾಏಕಿ ಉಸಿರು ಕಟ್ಟುವುದು, ಎದೆನೋವು ಕಂಡರೆ ಪ್ರಯಾಣ ಅಲ್ಲಿಗೇ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

## ಕಠಿಣ ಪ್ರಶ್ನೆಗಳು

ನಿಜ ಹೇಳಿ, ಬಿದ್ದರೆ ಏನಾಗುತ್ತದೆ?

ಸಣ್ಣ ಬೀಳುವಿಕೆಯಲ್ಲಿ ಏನೂ ಆಗದಿರಬಹುದು. ಆದರೆ ಗಟ್ಟಿಯಾಗಿ ಬಿದ್ದಾಗ ನಿಮ್ಮ ತೊಡೆಮೂಳೆ ಬೇರೆಯವರದರಂತೆ ಮುರಿಯುವುದಿಲ್ಲ. ಗಡಸು ಲೋಹದ ಕಾಂಡ ಮುಗಿದು ಬರೀ ಮೂಳೆ ಆರಂಭವಾಗುವ ತುದಿಯಲ್ಲಿ ಒತ್ತಡ ಕೇಂದ್ರೀಕರಿಸುತ್ತದೆ, ಕಾಂಡದ ಸುತ್ತಲೇ ಮೂಳೆ ಸೀಳಬಹುದು. ಕಾಂಡ ಗಟ್ಟಿಯಾಗಿಯೇ ಉಳಿದಿದ್ದರೆ ಪ್ಲೇಟು ಮತ್ತು ತಂತಿಗಳಿಂದ ಮೂಳೆ ಕೂಡಿಸುತ್ತಾರೆ. ಸಡಿಲವಾಗಿದ್ದರೆ ಅದನ್ನು ತೆಗೆದು ಇನ್ನೂ ಉದ್ದದ ಕಾಂಡ ಹಾಕಬೇಕಾಗುತ್ತದೆ. ಮೊದಲ ಶಸ್ತ್ರಚಿಕಿತ್ಸೆಗಿಂತ ಇದು ಬಹಳ ದೊಡ್ಡದು, ಚೇತರಿಕೆಯೂ ನಿಧಾನ. ಅಸ್ಥಿರಂಧ್ರತೆ, ಅಂದರೆ ಮೂಳೆಯ ಸಾಂದ್ರತೆ ಕುಗ್ಗಿ ಅದು ದುರ್ಬಲವಾಗುವ ಸ್ಥಿತಿ ಇರುವವರಿಗೆ ಈ ಅಪಾಯ ಹೆಚ್ಚು. ಸವಾರಿಗೆ ಮರಳುವ ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ತರಚಿದ ಗಾಯವನ್ನೂ ಕಡೆಗಣಿಸಬಾರದು. ಚರ್ಮದ ಸೋಂಕಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ವರ್ಷಗಳ ನಂತರವೂ ಕೃತಕ ಕೀಲಿನ ಮೇಲೆ ನೆಲೆಸಬಲ್ಲವು. ಗಾಯವನ್ನು ಕೂಡಲೇ ತೊಳೆದು ಚಿಕಿತ್ಸೆ ಮಾಡಿಸಿ. ಕೆಂಪಾಗಿ ಹರಡಿದರೆ, ಕೀವು ಬಂದರೆ, ಜ್ವರ ಅಥವಾ ಕೀಲಿನಲ್ಲಿ ಹೊಸ ನೋವು ಕಾಣಿಸಿದರೆ ತಡಮಾಡದೆ ಶಸ್ತ್ರವೈದ್ಯರನ್ನು ಕಾಣಿ.

ಕೀಲು ತಪ್ಪಿದೆ ಎಂದು ಹೇಗೆ ಗೊತ್ತಾಗುತ್ತದೆ? ಆಗ ಏನು ಮಾಡಬೇಕು?

ಅನುಮಾನಕ್ಕೆ ಎಡೆಯಿರುವುದಿಲ್ಲ. ಒಮ್ಮೆಲೇ ಸಹಿಸಲಾಗದ ನೋವು, ಕಾಲು ಗಿಡ್ಡವಾದಂತೆ ಕಾಣುವುದು, ಪಾದ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವುದು, ನಿಲ್ಲಲು ಆಗದಿರುವುದು. ಏಳಲು ಪ್ರಯತ್ನಿಸಬೇಡಿ, ಯಾರಿಗೂ ಕಾಲೆಳೆದು ಕೂರಿಸಲು ಬಿಡಬೇಡಿ. ಎಳೆತದಲ್ಲಿ ನರಕ್ಕೂ ಮೂಳೆಗೂ ಪೆಟ್ಟಾಗಬಹುದು. ಆಂಬುಲೆನ್ಸ್ ಕರೆಸಿ, ಕೃತಕ ಕೀಲಿದೆ ಎಂದು ಮೊದಲೇ ಹೇಳಿ. ಅರಿವಳಿಕೆ ಕೊಟ್ಟು ಕೀಲು ಕೂರಿಸಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಪ್ರಜ್ಞೆ ತಪ್ಪಿದರೂ ಬೇರೆಯವರಿಗೆ ತಿಳಿಯುವಂತೆ ಕೃತಕ ಕೀಲಿನ (ಇಂಪ್ಲಾಂಟ್) ವಿವರದ ಚೀಟಿಯೊಂದು ಜೇಬಿನಲ್ಲಿರಲಿ.

ಬೈಕಿನ ಕಂಪನದಿಂದ ಕೀಲು ಬೇಗ ಸವೆಯುತ್ತದೆಯೇ?

ಕೀಲಿನ ಪದರ ಸವೆಯುವುದು ಭಾರ ಹೊತ್ತು ಉಜ್ಜುವುದರಿಂದ, ಅಂದರೆ ಮುಖ್ಯವಾಗಿ ನಡಿಗೆಯ ಹೆಜ್ಜೆಗಳಿಂದ. ಸವಾರಿಯಲ್ಲಿ ಕೀಲು ಹೆಚ್ಚುಕಡಿಮೆ ಒಂದೇ ಭಂಗಿಯಲ್ಲಿರುತ್ತದೆ. ಮರುಶಸ್ತ್ರಚಿಕಿತ್ಸೆಗೆ ಮುಖ್ಯ ಕಾರಣಗಳು ಸಡಿಲಗೊಳ್ಳುವುದು, ಸೋಂಕು, ಕೀಲು ತಪ್ಪುವುದು ಮತ್ತು ಮೂಳೆ ಮುರಿತ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಸುಮಾರು ಶೇ 58ರಷ್ಟು ಕೃತಕ ಸೊಂಟದ ಕೀಲುಗಳು 25 ವರ್ಷ ಬಾಳುತ್ತವೆ. ಅವುಗಳಲ್ಲಿ ಬಹಳಷ್ಟು ಹಳೆಯ ಪೀಳಿಗೆಯವು. ಇಂದಿನ ಪಾಲಿಥಿಲೀನ್ ಅದಕ್ಕಿಂತ ನಿಧಾನವಾಗಿ ಸವೆಯುತ್ತದೆ. ಚಿಂತೆ ಮಾಡುವುದಾದರೆ ಕಂಪನದ ಬಗ್ಗೆ ಅಲ್ಲ, ಬೀಳುವುದರ ಬಗ್ಗೆ ಮಾಡಿ.

ನನಗೆ ಬೆನ್ನುಮೂಳೆಯ ಫ್ಯೂಷನ್ ಕೂಡ ಆಗಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿದೆ, ಇದನ್ನು ಕೇಳದೆ ಬಿಡುವವರೇ ಹೆಚ್ಚು. ನಾವು ಕೂತಾಗ ಕೆಳಬೆನ್ನು ಬಾಗಿ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ. ಅದರೊಂದಿಗೆ ಬಟ್ಟಲಿನ ಬಾಯಿಯೂ ಮುಂದಕ್ಕೆ ತೆರೆದುಕೊಂಡು ತೊಡೆಗೆ ಮಡಚಲು ಜಾಗ ಕೊಡುತ್ತದೆ. ಕೆಳಬೆನ್ನಿನ ಮೂಳೆಗಳನ್ನು ಬೆಸೆದಿದ್ದರೆ ಈ ವಾಲುವಿಕೆ ಕಡಿಮೆಯಾಗುತ್ತದೆ, ಅಷ್ಟೂ ಮಡಚುವಿಕೆಯನ್ನು ಕೀಲೇ ಮಾಡಬೇಕಾಗುತ್ತದೆ. ಹೀಗಾಗಿ ಇಂಥವರಲ್ಲಿ ಕೀಲು ತಪ್ಪುವ ಅಪಾಯ ಹೆಚ್ಚು. ಮುಂದಕ್ಕೆ ಬಾಗುವ ಭಂಗಿಯ ಬೈಕನ್ನು ಪೂರ್ತಿ ಬಿಟ್ಟುಬಿಡಿ. ಶಸ್ತ್ರಚಿಕಿತ್ಸೆ ಇನ್ನೂ ಆಗಿಲ್ಲವಾದರೆ, ಗುಂಡಿನ ಹೊರಗೆ ಇನ್ನೊಂದು ದೊಡ್ಡ ಗುಂಡು ಹೊರಳುವ ಡ್ಯುಯಲ್ ಮೊಬಿಲಿಟಿ ಕೀಲು ನಿಮಗೆ ಹೊಂದುತ್ತದೆಯೇ ಎಂದು ಕೇಳಿ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ವಿನ್ಯಾಸ ಕೀಲು ತಪ್ಪುವುದನ್ನು ತಡೆಯುವುದಕ್ಕೆಂದೇ ಹುಟ್ಟಿದ್ದು.

ಮಣ್ಣಿನ ಹಾದಿಯ ಸವಾರಿ, ಜಿಗಿತ ಇವೆಲ್ಲ?

ಬಿಡುವುದೇ ಲೇಸು. ಅಲ್ಲಿ ಬೀಳುವುದು ಆಟದ ಭಾಗವೇ ಆಗಿರುತ್ತದೆ, ತಿರುವುಗಳಲ್ಲಿ ಕಾಲು ಹೊರಚಾಚಿ ಊರುವುದು ಸವಾರಿಯ ತಂತ್ರವೇ ಆಗಿರುತ್ತದೆ. ಗಟ್ಟಿಯಾದ ಮಣ್ಣಿನ ರಸ್ತೆಯಲ್ಲಿ ನಿಧಾನವಾಗಿ ಹೋಗುವುದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ನನ್ನ ಶಸ್ತ್ರವೈದ್ಯರು "ಬೈಕ್ ಬೇಡ" ಎಂದಷ್ಟೇ ಹೇಳಿದರು. ಅದೇ ಕೊನೆಯ ಮಾತೇ?

ಹಾಗೆ ಹೇಳಲು ಎರಡು ಬಗೆಯ ಕಾರಣಗಳಿರಬಹುದು. ಬೈಕ್ ಅಪಘಾತಗಳನ್ನು ನಿತ್ಯ ನೋಡುವವರು ಸಾಮಾನ್ಯ ಎಚ್ಚರಿಕೆಯಾಗಿ ಹೇಳಿರಬಹುದು. ಇಲ್ಲವೇ ನಿಮ್ಮ ಎಕ್ಸ್-ರೇಯಲ್ಲಿ ಅವರಿಗೆ ಮಾತ್ರ ಕಾಣುವ ಏನೋ ಇರಬಹುದು: ತೆಳುವಾದ ಮೂಳೆ, ಕಾಂಡ ಕೂರಿಸುವಾಗ ಬಿಟ್ಟ ಸಣ್ಣ ಬಿರುಕು, ಬಟ್ಟಲಿನ ಕೋನದಲ್ಲಿ ಮಾಡಬೇಕಾಗಿ ಬಂದ ರಾಜಿ, ಅಥವಾ ಇದು ಎರಡನೇ ಸಲ ಬದಲಾಯಿಸಿದ ಕೀಲಾಗಿರುವುದು. ಎರಡನೇ ಬಗೆಯ ಕಾರಣವಾಗಿದ್ದರೆ ಆ ಮಾತಿಗೆ ತಲೆಬಾಗಬೇಕು.

ಯಾವುದೆಂದು ತಿಳಿಯಲು ಮುಂದಿನ ಭೇಟಿಗೆ ನಿಮ್ಮ ಬೈಕಿನ ಮೇಲೆ ನೀವು ಕೂತಿರುವ, ಪಕ್ಕದಿಂದ ತೆಗೆದ ಫೋಟೋವೊಂದನ್ನು ಒಯ್ಯಿರಿ. ಕೂರುವುದು ಇನ್ನೂ ಬೇಡವೆಂದಿದ್ದರೆ ನಿಮ್ಮಷ್ಟೇ ಎತ್ತರದವರನ್ನು ಕೂರಿಸಿ ತೆಗೆಯಿರಿ. "ಈ ಭಂಗಿಯಲ್ಲಿ ನನ್ನ ಕೀಲು ಸುರಕ್ಷಿತವೇ? ಎಡಬದಿಯಿಂದ ಹತ್ತುವಾಗ ಯಾವ ಚಲನೆ ನನಗೆ ನಿಷಿದ್ಧ? ಕಾಂಡ ಮೂಳೆಯಲ್ಲಿ ಹಿಡಿದಿದೆಯೆಂದು ಎಕ್ಸ್-ರೇ ತೋರಿಸುತ್ತಿದೆಯೇ?" ಎಂದು ಕೇಳಿ. ಪ್ರಶ್ನೆ ಇಷ್ಟು ನಿರ್ದಿಷ್ಟವಾಗಿದ್ದರೆ ಉತ್ತರವೂ ನಿರ್ದಿಷ್ಟವಾಗಿಯೇ ಬರುತ್ತದೆ. ಅವರು ಒಪ್ಪಿದರೆ ಅದನ್ನು ಬರಹದಲ್ಲಿ ಪಡೆದು, ವಿಮೆ ಮತ್ತು ಚಾಲನಾ ಪರವಾನಗಿಯ ನಿಯಮಗಳು ಇದನ್ನು ತಿಳಿಸಬೇಕೆಂದು ಹೇಳುತ್ತವೆಯೇ ಎಂದು ನೋಡಿ, ಆಮೇಲೆ ರಸ್ತೆಗಿಳಿಯಿರಿ.